ಟ್ರ್ಯಾಕ್ಟರ್ ಬಕೆಟ್ ಆಯಿಲ್ ಕಾರಿಗೂ ಹಾಕಬಹುದಾ? ಡಬ್ಬಿ ಮೇಲಿನ ನಂಬರ್ ಓದೋದು ಕಲಿಯೋಣ



ಈ ವಾರ ಗೊಬ್ಬರ, ನುಸಿರೋಗ ಎಲ್ಲಾ ಪಕ್ಕಕ್ಕಿಟ್ಟು ಗಾಡಿ ವಿಚಾರ ಬರೀತಿದ್ದೀನಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹುಡುಗರಿಂದ ನನಗೆ ಬರುವ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಬರ್ತಾ ಇದೆ: "ಅಣ್ಣ, ಟ್ರ್ಯಾಕ್ಟರ್‌ಗೆ ತಂದ ಬಕೆಟ್‌ನಲ್ಲಿ ಅರ್ಧ ಆಯಿಲ್ ಉಳಿದಿದೆ. ಕಾರಿಗೂ ಅದನ್ನೇ ಹಾಕಬಹುದಾ?" ಇನ್ನೊಬ್ಬರದ್ದು ಉಲ್ಟಾ ಪ್ರಶ್ನೆ: "ಹೊಸ ಕಾರಿಗೆ ಶೋರೂಮ್‌ನವರು ನೀರಿನಂಥ ಆಯಿಲ್ ಹಾಕ್ತಾರೆ. ನಮ್ಮೂರ ಬಿಸಿಲಿಗೆ ಅದು ತಡೆಯುತ್ತಾ? ಸ್ವಲ್ಪ ಗಟ್ಟಿ ಆಯಿಲ್ ಹಾಕಿಸಿಬಿಡ್ಲಾ?"

ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದಿ, ಕೆಲವು ವರ್ಷ ಎಂಜಿನ್ ಕೆಲಸ ಮಾಡಿ, ಆಮೇಲೆ ತೋಟಕ್ಕೆ ವಾಪಸ್ ಬಂದವನು. ಮನೆಯಲ್ಲಿ ಟ್ರ್ಯಾಕ್ಟರ್, ಕಾರು, ಬೈಕು ಮೂರೂ ಇವೆ. ಮೂರಕ್ಕೂ ಮೂರು ಬೇರೆ ಆಯಿಲ್. ಕಾಯಿ ಕೆಡವಿ, ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಯ್ದು, ಒಡೆದು, ಸುಲಿದು ಮಾರಿದ ಕೊಬ್ಬರಿ ದುಡ್ಡಲ್ಲಿ ಕೊಂಡ ಗಾಡಿ ಅದು. ಎಂಜಿನ್ ಬಿಚ್ಚಿಸುವ ಪರಿಸ್ಥಿತಿ ಬಂದರೆ ಒಂದು ವರ್ಷದ ಕೊಬ್ಬರಿ ಅಲ್ಲೇ ಹೋಗುತ್ತೆ. ಹಾಗಾಗಿ ಹತ್ತು ನಿಮಿಷ ಕೊಟ್ಟು ಇದನ್ನು ಓದಿ.

ಮಂದ, ತೆಳು ಅಂದರೇನು?

ನಮಗೆ ಇದನ್ನು ಅರ್ಥ ಮಾಡಿಕೊಳ್ಳೋಕೆ ಬೇರೆ ಕಡೆ ಹೋಗೋದೇ ಬೇಡ. ಮನೆಯ ಕೊಬ್ಬರಿ ಎಣ್ಣೆ ಬಾಟಲಿ ನೋಡಿ. ಏಪ್ರಿಲ್‌ನಲ್ಲಿ ನೀರಿನ ಹಾಗೆ ಸುರಿಯುತ್ತೆ. ಡಿಸೆಂಬರ್ ಬೆಳಗ್ಗೆ ಬಾಟಲಿ ತಲೆಕೆಳಗು ಮಾಡಿದರೂ ಒಂದು ಹನಿ ಬೀಳಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆರೆತುಕೊಳ್ಳುತ್ತೆ, ಬಿಸಿಲಿಗೆ ಇಟ್ಟರೆ ಕರಗುತ್ತೆ.

ಎಂಜಿನ್ ಆಯಿಲ್ ನಮ್ಮ ಚಳಿಗೆ ಹಾಗೆ ಹೆರೆಯಲ್ಲ, ಆದರೆ ಸ್ವಭಾವ ಅದೇ. ತಣ್ಣಗಿದ್ದಾಗ ಮಂದ, ಬಿಸಿಯಾದಾಗ ತೆಳು. ಈ ಮಂದತನವನ್ನೇ ಪುಸ್ತಕದಲ್ಲಿ ಸ್ನಿಗ್ಧತೆ ಅಂತಾರೆ. ಎಷ್ಟು ಬಿಸಿಯಲ್ಲಿ ಎಷ್ಟು ಮಂದ ಇರಬೇಕು ಅನ್ನೋದಕ್ಕೆ ಅಮೆರಿಕದ ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ 1911ರಲ್ಲೇ ಒಂದು ವರ್ಗೀಕರಣ ಮಾಡಿತು. ಆಮೇಲೆ ಅದು ಎಷ್ಟೋ ಸಲ ತಿದ್ದುಪಡಿಯಾಗಿದೆ. ಇವತ್ತು ನಿಮ್ಮ ಡಬ್ಬಿ ಮೇಲೆ ಇರುವ ನಂಬರ್ ಅದೇ ಪದ್ಧತಿಯದ್ದು.

5ಡಬ್ಲ್ಯು-30: ಎರಡು ನಂಬರ್, ಎರಡು ಅರ್ಥ

ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ನಂಬರ್ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡುವಾಗಿನ ಗುಣ ಹೇಳುತ್ತೆ. ನಂಬರ್ ಚಿಕ್ಕದಾದಷ್ಟೂ ಚಳಿಯಲ್ಲಿ ಬೇಗ ಹರಿಯುತ್ತೆ. 5ಡಬ್ಲ್ಯು ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ, 15ಡಬ್ಲ್ಯು ಆಯಿಲನ್ನು ಮೈನಸ್ 20 ಡಿಗ್ರಿಯಲ್ಲಿ ಪರೀಕ್ಷೆ ಮಾಡ್ತಾರೆ.

ಗೆರೆಯ ನಂತರದ ನಂಬರ್, ಅಂದರೆ 30, ಎಂಜಿನ್ ಪೂರ್ತಿ ಬಿಸಿಯಾದ ಮೇಲಿನ ಮಂದತನ. ಇದನ್ನು 100 ಡಿಗ್ರಿಯಲ್ಲಿ ಅಳೀತಾರೆ. ಅಳತೆಯ ಹೆಸರು ಸೆಂಟಿಸ್ಟೋಕ್. ಹೆಸರು ನೆನಪಿಟ್ಟುಕೊಳ್ಳಬೇಕಿಲ್ಲ, ಲೆಕ್ಕ ಮಾತ್ರ ನೋಡಿ:

- 20 ಗ್ರೇಡ್: 6.9ರಿಂದ 9.3ರೊಳಗೆ
- 30 ಗ್ರೇಡ್: 9.3ರಿಂದ 12.5ರೊಳಗೆ
- 40 ಗ್ರೇಡ್: 12.5ರಿಂದ 16.3ರೊಳಗೆ
- 50 ಗ್ರೇಡ್: 16.3ರಿಂದ 21.9ರೊಳಗೆ

ಈಗ ಒಂದು ವಿಷಯ ಗಮನಿಸಿ. ಇದೇ 5ಡಬ್ಲ್ಯು-30 ಆಯಿಲ್ 40 ಡಿಗ್ರಿಯಲ್ಲಿ ಸಾಮಾನ್ಯವಾಗಿ 60-70 ಸೆಂಟಿಸ್ಟೋಕ್ ಇರುತ್ತೆ. 20ಡಬ್ಲ್ಯು-50 ಆದರೆ 150 ದಾಟುತ್ತೆ. ಅಂದರೆ ನೀವು "ನೀರು" ಅನ್ನುವ ತೆಳು ಆಯಿಲ್ ಕೂಡ ಬೆಳಗ್ಗೆ ಸ್ಟಾರ್ಟ್ ಮಾಡುವಾಗ, ಬಿಸಿಯಾದ 50 ಗ್ರೇಡ್ ಆಯಿಲ್‌ಗಿಂತ ಮೂರು ಪಟ್ಟು ಮಂದ! ಹಾಗಾಗಿ ಡಬ್ಬಿಯಿಂದ ಬೆರಳಿಗೆ ಹಾಕಿಕೊಂಡು ಉಜ್ಜಿ ನೋಡಿ "ಇದು ತೆಳು, ಇದು ಗಟ್ಟಿ" ಅಂತ ತೀರ್ಮಾನ ಮಾಡೋದರಲ್ಲಿ ಅರ್ಥ ಇಲ್ಲ. ಕೆಲಸ ನಡೆಯೋದು 100 ಡಿಗ್ರಿಯಲ್ಲಿ, ನಾವು ಮುಟ್ಟಿ ನೋಡೋದು 30 ಡಿಗ್ರಿಯಲ್ಲಿ.

"ನಮ್ಮ ಕಡೆ ಬಿಸಿಲು ಜಾಸ್ತಿ, ಗಟ್ಟಿ ಆಯಿಲೇ ಬೇಕು"

ಇದು ನಾನು ಅತಿ ಹೆಚ್ಚು ಕೇಳಿರುವ ಮಾತು. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಎಂಜಿನ್ ಒಳಗಿನ ಬಿಸಿಯನ್ನು ಹೊರಗಿನ ಬಿಸಿಲು ತೀರ್ಮಾನ ಮಾಡಲ್ಲ. ಕಾರಿನಲ್ಲಿ ಥರ್ಮೋಸ್ಟಾಟ್ ಇದೆ. ಅದು ಕೂಲೆಂಟ್‌ನ ಬಿಸಿಯನ್ನು 90 ಡಿಗ್ರಿ ಆಸುಪಾಸಿನಲ್ಲಿ ಹಿಡಿದಿಡುತ್ತೆ. ಹುಳಿಯಾರಿನ ಮಾರ್ಚ್ ಬಿಸಿಲಾದರೂ ಅಷ್ಟೆ, ನೊಣವಿನಕೆರೆಯ ಡಿಸೆಂಬರ್ ಚಳಿಯಾದರೂ ಅಷ್ಟೆ. ಆಯಿಲ್ ಬಿಸಿಯೂ ಅದರ ಹಿಂದೆಯೇ 90-110 ಡಿಗ್ರಿಗೆ ಬಂದು ನಿಲ್ಲುತ್ತೆ.

ಆಯಿಲ್ ನಿಜವಾಗಿ ಹೆಚ್ಚು ಬಿಸಿಯಾಗೋದು ಭಾರದಿಂದ. ಕೊಬ್ಬರಿ ಚೀಲ ತುಂಬಿದ ಪಿಕಪ್ ಏರು ಹತ್ತುವಾಗ, ಟ್ರೇಲರ್ ಎಳೆಯುವಾಗ, ಗಂಟೆಗಟ್ಟಲೆ ಜೋರಾಗಿ ಓಡಿಸುವಾಗ. ಇದನ್ನೂ ಲೆಕ್ಕಕ್ಕೆ ತಗೊಂಡೇ 150 ಡಿಗ್ರಿಯಲ್ಲಿ ಇನ್ನೊಂದು ಪರೀಕ್ಷೆ ಇದೆ. ಬೇರಿಂಗ್ ಒಳಗಿನ ಒತ್ತಡದಲ್ಲೂ ಎಣ್ಣೆಯ ಪದರ ಹರಿಯದೆ ನಿಲ್ಲಬೇಕು ಅನ್ನೋದು ಅದರ ಉದ್ದೇಶ. 20 ಗ್ರೇಡ್‌ಗೆ ಕನಿಷ್ಠ 2.6, 30 ಗ್ರೇಡ್‌ಗೆ ಕನಿಷ್ಠ 2.9, 15ಡಬ್ಲ್ಯು-40ಗೆ ಕನಿಷ್ಠ 3.7 ಅಂತ ನಿಗದಿ ಮಾಡಿದ್ದಾರೆ. ಎಂಜಿನ್ ತಯಾರಿಸಿದವರು ತಮ್ಮ ಬೇರಿಂಗ್‌ಗೆ ಎಷ್ಟು ಸಾಕು ಅಂತ ಲೆಕ್ಕ ಹಾಕಿಯೇ ಗ್ರೇಡ್ ಬರೆದಿರ್ತಾರೆ.

ಡ್ರಿಪ್ ಲೈನ್ ನೆನಪಿಸಿಕೊಳ್ಳಿ

ಗಟ್ಟಿ ಆಯಿಲ್ ಹಾಕಿದರೆ ನಷ್ಟ ಏನು? ನಿಮ್ಮ ತೋಟದ ಡ್ರಿಪ್ ನೋಡಿ. ಮೋಟರ್ ಹತ್ತಿರದ ಗೇಜ್‌ನಲ್ಲಿ ಪ್ರೆಶರ್ ಚೆನ್ನಾಗಿದೆ, ಆದರೆ ಫಿಲ್ಟರ್ ಕಟ್ಟಿಕೊಂಡಿದ್ದರೆ ಕೊನೆ ಸಾಲಿನ ಮರಕ್ಕೆ ನೀರೇ ಇಲ್ಲ. ಪ್ರೆಶರ್ ಬೇರೆ, ಹರಿವು ಬೇರೆ.

ಎಂಜಿನ್ ಒಳಗೂ ಹಾಗೆಯೇ. ಕೆಳಗೆ ಸಂಪ್, ಅಲ್ಲಿಂದ ಪಂಪ್, ಫಿಲ್ಟರ್, ಆಮೇಲೆ ಸಣ್ಣ ಸಣ್ಣ ದಾರಿಗಳಲ್ಲಿ ಮೇಲಿನ ಕ್ಯಾಮ್‌ಶಾಫ್ಟ್‌ವರೆಗೆ ಆಯಿಲ್ ಹೋಗಬೇಕು. ಮಂದ ಆಯಿಲ್ ತಣ್ಣಗಿದ್ದಾಗ ಪ್ರೆಶರ್ ಏರುತ್ತೆ, ರಿಲೀಫ್ ವಾಲ್ವ್ ತೆರೆದುಕೊಂಡು ಆಯಿಲ್ ವಾಪಸ್ ಹೋಗಿಬಿಡುತ್ತೆ. ಮೇಲಿನ ಭಾಗಗಳಿಗೆ ತಲುಪೋದು ತಡ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣದ ಆ ಹೊತ್ತಿನಲ್ಲೇ ಸವೆತ ಜಾಸ್ತಿ.

ಹಳೇ ಎಂಜಿನ್‌ಗಳಿಗೆ ಇದು ಅಷ್ಟು ತೊಂದರೆ ಆಗ್ತಿರಲಿಲ್ಲ. ಸಂದು ದೊಡ್ಡದು, ವೇಗ ಕಡಿಮೆ. ಹೊಸ ಕಾರುಗಳಲ್ಲಿ ಆಯಿಲ್ ಜಾರಿಸುವ ಕೆಲಸ ಮಾತ್ರ ಮಾಡಲ್ಲ. ವಾಲ್ವ್ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ವಿವಿಟಿ ವ್ಯವಸ್ಥೆ ಆಯಿಲ್ ಪ್ರೆಶರ್‌ನಿಂದಲೇ ನಡೆಯೋದು. ಹಲವು ಎಂಜಿನ್‌ಗಳಲ್ಲಿ ಟೈಮಿಂಗ್ ಚೈನ್ ಬಿಗಿ ಹಿಡಿಯೋದೂ ಅದರಿಂದಲೇ. ಟರ್ಬೊ ಇದ್ದರೆ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ಹೊಡೆಯುವ ಅದರ ಶಾಫ್ಟ್ ಆಯಿಲ್ ಪದರದ ಮೇಲೇ ತೇಲುತ್ತೆ. ಇಂಥ ಕಡೆ ಆಯಿಲ್ ಬೇಗ ತಲುಪಲೇಬೇಕು.

ಇನ್ನೊಂದು ಸತ್ಯವನ್ನೂ ಹೇಳಿಬಿಡ್ತೀನಿ. ಕಂಪನಿಗಳು ತೆಳು ಆಯಿಲ್ ಕಡೆಗೆ ಹೋಗಿದ್ದಕ್ಕೆ ಮೈಲೇಜ್ ಕೂಡ ದೊಡ್ಡ ಕಾರಣ. ಕಾರು ಕಂಪನಿಗಳ ಒಟ್ಟು ಮೈಲೇಜ್‌ಗೆ ಸರ್ಕಾರದ ನಿಯಮ 2017ರಿಂದ ಇದೆ, 2022ರಲ್ಲಿ ಇನ್ನೂ ಬಿಗಿಯಾಯ್ತು. ತೆಳು ಆಯಿಲ್‌ನಿಂದ ಉಳಿಯುವ ಪೆಟ್ರೋಲ್ ನೂರಕ್ಕೆ ಒಂದೆರಡು ಪಾಲು ಇರಬಹುದು, ಅಷ್ಟೆ. ಆದರೆ ಆ ಆಯಿಲ್‌ಗೆ ತಕ್ಕಂತೆಯೇ ಪಂಪ್, ಬೇರಿಂಗ್ ಎಲ್ಲಾ ಮಾಡಿರ್ತಾರೆ. ನಾವು ಆಯಿಲ್ ಒಂದನ್ನು ಬದಲಾಯಿಸಿದರೆ ಉಳಿದದ್ದು ಬದಲಾಗಲ್ಲ.

ಹಾಗಾದರೆ ಒಂದು ಗ್ರೇಡ್ ಮೇಲೆ ಹೋಗಲೇಬಾರದಾ?

ಹೋಗಬಹುದು, ಮ್ಯಾನುಯಲ್ ಒಪ್ಪಿದರೆ. ಹಲವು ಕಾರುಗಳ ಓನರ್ಸ್ ಮ್ಯಾನುಯಲ್‌ನಲ್ಲಿ ಒಂದು ಪಟ್ಟಿ ಇರುತ್ತೆ: ಮೊದಲ ಆಯ್ಕೆ ಇದು, ಅದು ಸಿಗದಿದ್ದರೆ ಇದು ಅಂತ. ಮೊದಲ ಆಯ್ಕೆ 0ಡಬ್ಲ್ಯು-20, ಎರಡನೆಯದು 5ಡಬ್ಲ್ಯು-30 ಅಂತ ಇದ್ದರೆ, ಭಾರ ಹೊತ್ತು ಓಡಿಸುವವರು ಧೈರ್ಯವಾಗಿ 5ಡಬ್ಲ್ಯು-30 ಹಾಕಿಸಬಹುದು. ಪಟ್ಟಿಯಲ್ಲೇ ಇಲ್ಲದ 20ಡಬ್ಲ್ಯು-50 ಹಾಕಿಸೋದು ಬೇರೆ ಮಾತು.

ಲಕ್ಷಾಂತರ ಕಿಲೋಮೀಟರ್ ಓಡಿದ ಹಳೇ ಗಾಡಿ ಆಯಿಲ್ ಕುಡಿಯುತ್ತಿದ್ದರೆ, ಹಿಂದೆ ನೀಲಿ ಹೊಗೆ ಬರ್ತಿದ್ದರೆ, ಪಟ್ಟಿಯೊಳಗಿನ ಮಂದ ಗ್ರೇಡ್‌ಗೆ ಹೋದರೆ ಸ್ವಲ್ಪ ಕಡಿಮೆಯಾಗಬಹುದು. ಆದರೆ ಅದು ಸವೆದ ರಿಂಗ್‌ಗೆ ಮದ್ದಲ್ಲ, ನೋವು ಮರೆಸುವ ಮಾತ್ರೆ ಅಷ್ಟೆ.

ನಂಬರ್ ಸರಿಯಿದ್ದರೂ ಅಕ್ಷರ ನೋಡಿ

ಬಕೆಟ್ ಆಯಿಲ್ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಹಳಷ್ಟು ಟ್ರ್ಯಾಕ್ಟರ್‌ಗಳಿಗೆ ಹಾಕೋದು 15ಡಬ್ಲ್ಯು-40 ಅಥವಾ 20ಡಬ್ಲ್ಯು-40 ಡೀಸೆಲ್ ಆಯಿಲ್. ಡಬ್ಬಿ ಮೇಲೆ ಎಪಿಐ ಅಂತ ಬರೆದು ಮುಂದೆ ಸಿಐ-4 ಥರದ ಅಕ್ಷರ ಇರುತ್ತೆ. ಸಿ ಇಂದ ಶುರುವಾದರೆ ಡೀಸೆಲ್ ಎಂಜಿನ್‌ಗೆ, ಎಸ್ ಇಂದ ಶುರುವಾದರೆ ಪೆಟ್ರೋಲ್‌ಗೆ. ಪೆಟ್ರೋಲ್‌ನಲ್ಲಿ ಎಸ್‌ಎನ್ ಬಂದದ್ದು 2010ರಲ್ಲಿ, ಎಸ್‌ಪಿ ಬಂದದ್ದು 2020ರಲ್ಲಿ.

ಟ್ರ್ಯಾಕ್ಟರ್ ಆಯಿಲ್‌ನಲ್ಲಿ ಮಸಿ ತೊಳೆಯುವ, ಆಮ್ಲ ತಡೆಯುವ ರಾಸಾಯನಿಕ ಜಾಸ್ತಿ ಇರುತ್ತೆ. ಅದು ಉರಿದಾಗ ಬೂದಿ ಉಳಿಯುತ್ತೆ. ಟ್ರ್ಯಾಕ್ಟರ್‌ಗೆ ಅದು ಒಳ್ಳೇದು. ಕಾರಿಗೆ ಯಾಕೆ ಬೇಡ ಅಂದ್ರೆ:

- ಬಿಎಸ್-6 ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಿಂದ. ಅದಾದ ಮೇಲಿನ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನೋ ಮಸಿ ಜಾಲರಿ ಇದೆ. ಮಸಿಯನ್ನು ಅದು ತಾನೇ ಸುಟ್ಟುಕೊಳ್ಳುತ್ತೆ, ಆದರೆ ಆಯಿಲ್‌ನ ಬೂದಿಯನ್ನು ಸುಡೋಕಾಗಲ್ಲ. ಬೂದಿ ಕೂತು ಕೂತು ಜಾಲರಿ ಕಟ್ಟುತ್ತೆ. ಇಂಥ ಕಾರಿಗೆ ಕಡಿಮೆ ಬೂದಿಯ ಆಯಿಲ್ ಬೇಕು. ಡಬ್ಬಿ ಮೇಲೆ ಎಸಿಇಎ ಸಿ2, ಸಿ3 ಅಂತ ಇರುತ್ತೆ. ನಿಮ್ಮ ಮ್ಯಾನುಯಲ್‌ನಲ್ಲಿ ಯಾವುದಿದೆಯೋ ಅದೇ.
- ಪೆಟ್ರೋಲ್ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಆಯಿಲ್‌ನ ರಂಜಕ ಜಾಸ್ತಿಯಾದರೆ ಆಗಲ್ಲ.
- ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ತಪ್ಪು ಆಯಿಲ್ ಇದ್ದರೆ ಸ್ಪಾರ್ಕ್ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್‌ಗೇ ಪೆಟ್ಟಾಗಬಹುದು. ಎಸ್‌ಪಿ ದರ್ಜೆಯಲ್ಲಿ ಇದಕ್ಕಂತಲೇ ಪರೀಕ್ಷೆ ಸೇರಿಸಿದ್ದಾರೆ.

ಹಾಗಾಗಿ ಉತ್ತರ: ಬಕೆಟ್ ಆಯಿಲ್ ಟ್ರ್ಯಾಕ್ಟರ್‌ಗೇ ಇರಲಿ, ಹೊಸ ಕಾರಿಗೆ ಬೇಡ. ಟ್ರ್ಯಾಕ್ಟರ್ ಕೊಂಡವರೂ ಒಂದು ಮಾತು ನೆನಪಿಡಿ. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ. ಅಂಥ ಹೊಸ ಟ್ರ್ಯಾಕ್ಟರ್‌ಗೆ ಹಳೇ ಟ್ರ್ಯಾಕ್ಟರ್ ಆಯಿಲ್ ಹಾಕುವ ಮುಂಚೆ ಅದರ ಪುಸ್ತಕ ನೋಡಿ.

ಬೈಕಿಗೆ ಕಾರಿನ ಆಯಿಲ್ ಹಾಕ್ಬೇಡಿ. ನಮ್ಮಲ್ಲಿ ಓಡುವ ಹೆಚ್ಚಿನ ಗೇರ್ ಬೈಕ್‌ಗಳಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತೆ. ತುಂಬಾ ಜಾರುವ ಕಾರು ಆಯಿಲ್ ಹಾಕಿದರೆ ಕ್ಲಚ್ ಜಾರುತ್ತೆ. ಡಬ್ಬಿ ಮೇಲೆ ಜೆಎಎಸ್‌ಒ ಎಂಎ ಅಥವಾ ಎಂಎ2 ಇರಬೇಕು. ಸ್ಕೂಟರ್‌ಗೆ ಎಂಬಿ. ಕಳೆ ಕತ್ತರಿಸುವ ಟೂ-ಸ್ಟ್ರೋಕ್ ಮೆಷಿನ್‌ಗೆ ಪೆಟ್ರೋಲ್ ಜೊತೆ ಬೆರೆಸೋದು 2ಟಿ ಆಯಿಲ್ ಮಾತ್ರ.

ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ

ನಮ್ಮ ಕಡೆಯ ಬಿಎಸ್-6 ಡೀಸೆಲ್ ಕಾರುಗಳಿಗೆ ದೊಡ್ಡ ಶತ್ರು ಬಿಸಿಲಲ್ಲ, ಚಿಕ್ಕ ಓಡಾಟ. ಮನೆಯಿಂದ ತೋಟ ಎರಡು ಕಿಲೋಮೀಟರ್, ಅಲ್ಲಿಂದ ಪೇಟೆ ಆರು ಕಿಲೋಮೀಟರ್, ಎಪಿಎಂಸಿ ಮುಂದೆ ಎಸಿ ಹಾಕಿಕೊಂಡು ಎಂಜಿನ್ ಓಡಿಸುತ್ತಾ ಅರ್ಧ ಗಂಟೆ. ಡಿಪಿಎಫ್ ತನ್ನ ಮಸಿ ಸುಟ್ಟುಕೊಳ್ಳೋಕೆ ಹೊಗೆ ಸುಮಾರು 600 ಡಿಗ್ರಿ ಬಿಸಿಯಾಗಬೇಕು. ಅದಕ್ಕಾಗಿ ಬಹಳಷ್ಟು ಕಾರುಗಳಲ್ಲಿ ಎಂಜಿನ್ ಸ್ವಲ್ಪ ಡೀಸೆಲನ್ನು ತಡವಾಗಿ ಸಿಂಪಡಿಸುತ್ತೆ. ಅಷ್ಟರಲ್ಲಿ ನಾವು ಊರು ತಲುಪಿ ಕೀ ತೆಗೆದುಬಿಟ್ಟರೆ ಕೆಲಸ ಅರ್ಧಕ್ಕೆ ನಿಂತುಹೋಗುತ್ತೆ. ಉರಿಯದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಇಳಿದು ಆಯಿಲ್‌ಗೆ ಸೇರುತ್ತೆ.

ಹೀಗೆ ಹತ್ತಾರು ಸಲ ಆದರೆ ಆಯಿಲ್ ತೆಳ್ಳಗಾಗುತ್ತೆ, ಮಟ್ಟ ಏರುತ್ತೆ. ನಾನು ನೋಡಿದ ಒಂದು ಕಾರಿನಲ್ಲಿ ಡಿಪ್‌ಸ್ಟಿಕ್‌ನ ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಿತ್ತು. ಮಾಲೀಕನಿಗೆ ಖುಷಿ, "ಗಾಡಿ ಒಂಚೂರೂ ಆಯಿಲ್ ಕುಡಿಯಲ್ಲ" ಅಂತ. ಮೂಸಿ ನೋಡಿದರೆ ಡೀಸೆಲ್ ವಾಸನೆ. ತೋಟದ ಬಾವಿ ನೀರು ಏರಿದರೆ ಸಂತೋಷ, ಆಯಿಲ್ ಮಟ್ಟ ಏರಿದರೆ ಅಪಾಯ! ಇಂಥ ಹೊತ್ತಲ್ಲಿ ಎಷ್ಟೇ ಒಳ್ಳೇ ಗ್ರೇಡ್ ಇದ್ದರೂ ಪ್ರಯೋಜನ ಇಲ್ಲ. ಗಾಡಿ ಹೆಚ್ಚು ಓಡಿಸದೆ ಆಯಿಲ್ ಬದಲಾಯಿಸಬೇಕು.

ಮಾಡಬೇಕಾದ್ದು ಸುಲಭ. ವಾರ ಹತ್ತು ದಿನಕ್ಕೊಮ್ಮೆ ಹೆದ್ದಾರಿಯಲ್ಲಿ 20 ನಿಮಿಷ, 60 ಕಿ.ಮೀ. ಮೇಲಿನ ಒಂದೇ ವೇಗದಲ್ಲಿ ಓಡಿಸಿ. ತಿಪಟೂರಿನಿಂದ ಕೆ.ಬಿ. ಕ್ರಾಸ್ ಕಡೆ ಒಂದು ಸುತ್ತು ಹೋಗಿ ಬಂದರೂ ಆಯ್ತು. ಡಿಪಿಎಫ್ ದೀಪ ಹತ್ತಿದ್ದರೆ ಮ್ಯಾನುಯಲ್ ಹೇಳಿದಂತೆ ಮಾಡಿ, ಮಧ್ಯದಲ್ಲಿ ಎಂಜಿನ್ ಆಫ್ ಮಾಡ್ಬೇಡಿ. ಹೊಸ ಕಾರು ಕೊಳ್ಳುವವರು ದಿನದ ಓಡಾಟ ಹತ್ತು ಕಿಲೋಮೀಟರ್ ದಾಟದಿದ್ದರೆ ಡೀಸೆಲ್ ಬೇಕಾ ಅಂತ ಎರಡು ಸಲ ಯೋಚನೆ ಮಾಡಿ.

ಧೂಳಿನ ರಸ್ತೆ, ಚಿಕ್ಕ ಓಡಾಟ, ನಿಂತಲ್ಲೇ ಎಂಜಿನ್ ಓಡಿಸೋದು, ಭಾರ ಎಳೆಯೋದು: ಇವನ್ನೆಲ್ಲ ಮ್ಯಾನುಯಲ್‌ಗಳು ಕಠಿಣ ಬಳಕೆ ಅಂತ ಕರೀತವೆ. ನಮ್ಮ ಹಳ್ಳಿ ಕಾರುಗಳಿಗೆ ಅನ್ವಯಿಸೋದು ಆ ಪಟ್ಟಿಯೇ. ಸಾಮಾನ್ಯ ಬಳಕೆಗೆ 10,000 ಕಿ.ಮೀ. ಅಥವಾ ಒಂದು ವರ್ಷ ಅಂತ ಇದ್ದರೆ, ಕಠಿಣ ಬಳಕೆಗೆ ಅದಕ್ಕಿಂತ ಬೇಗ ಬದಲಾಯಿಸಬೇಕು. ಕಿಲೋಮೀಟರ್ ಆಗದಿದ್ದರೂ ವರ್ಷ ತುಂಬಿದರೆ ಬದಲಾಯಿಸಿ. ಮಂದ ಆಯಿಲ್ ಹಾಕೋದಕ್ಕಿಂತ, ಸರಿಯಾದ ಆಯಿಲನ್ನು ಬೇಗ ಬದಲಾಯಿಸೋದು ನಿಜವಾದ ರಕ್ಷಣೆ. ಜೊತೆಗೆ ಆಯಿಲ್ ಫಿಲ್ಟರ್ ಹೊಸದು ಹಾಕಿಸಿ, ಏರ್ ಫಿಲ್ಟರ್ ನೋಡಿ.

ಮೊಬೈಲ್ ಕೈಯಲ್ಲಿದೆಯಲ್ಲ, ಇಷ್ಟು ಮಾಡಿ

1. ಕಾರು ಕಂಪನಿಯ ವೆಬ್‌ಸೈಟ್‌ನಿಂದ ನಿಮ್ಮ ಮಾಡೆಲ್, ಅದೇ ವರ್ಷದ ಓನರ್ಸ್ ಮ್ಯಾನುಯಲ್ ಡೌನ್‌ಲೋಡ್ ಮಾಡಿ. ಆಯಿಲ್ ಪುಟದ ಫೋಟೊ ಇಟ್ಟುಕೊಳ್ಳಿ. ಒಂದೇ ಹೆಸರಿನ ಕಾರಿಗೂ ಎಂಜಿನ್ ಬದಲಾದರೆ ಆಯಿಲ್ ಬದಲಾಗುತ್ತೆ, ಅಕ್ಕಪಕ್ಕದವರ ಕಾರು ನೋಡಿ ಹಾಕಿಸ್ಬೇಡಿ.
2. ಮೂರು ವಿಷಯ ಬರೆದಿಟ್ಟುಕೊಳ್ಳಿ: ಗ್ರೇಡ್, ಎಪಿಐ ಅಥವಾ ಎಸಿಇಎ ಅಕ್ಷರ, ಎಷ್ಟು ಲೀಟರ್.
3. ಗ್ಯಾರೇಜ್‌ನಲ್ಲಿ ಸೀಲ್ ಇರುವ ಡಬ್ಬಿಯನ್ನು ನಿಮ್ಮೆದುರೇ ಒಡೆಸಿ. ಡಬ್ಬಿ, ಬ್ಯಾಚ್ ನಂಬರ್, ಮೀಟರ್ ರೀಡಿಂಗ್ ಫೋಟೊ ತೆಗೆದುಕೊಳ್ಳಿ. ಬಿಲ್‌ನಲ್ಲಿ ಗ್ರೇಡ್ ಬರೆಸಿ. ವಾರಂಟಿ ಜಗಳ ಬಂದರೆ ಆಗ ಬೇಕಾಗೋದು ಅದೇ.
4. ಖಾಲಿ ಡಬ್ಬಿಗೆ ತೂತು ಹಾಕಿ ಕೊಡಿ. ಇಲ್ಲದಿದ್ದರೆ ಅದರಲ್ಲಿ ನಕಲಿ ತುಂಬಿ ಇನ್ನೊಬ್ಬರಿಗೆ ಮಾರುವ ಸಾಧ್ಯತೆ ಇರುತ್ತೆ.
5. ಹದಿನೈದು ದಿನಕ್ಕೊಮ್ಮೆ ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಎರಡು ಗುರುತಿನ ನಡುವೆ ಇರಬೇಕು. ಬಣ್ಣ ಕಪ್ಪಾಯ್ತು ಅಂತ ಹೆದರಬೇಡಿ, ಡೀಸೆಲ್‌ನಲ್ಲಿ ಬೇಗ ಕಪ್ಪಾಗುತ್ತೆ.
6. ಕೆಂಪು ಬಣ್ಣದ ಆಯಿಲ್ ದೀಪ ಹತ್ತಿದರೆ "ಊರು ಇನ್ನೇನು ಬಂತು" ಅಂತ ಓಡಿಸ್ಬೇಡಿ. ತಕ್ಷಣ ನಿಲ್ಲಿಸಿ.

ರಾತ್ರಿ ಹೊತ್ತು ಹಂದನಕೆರೆ ದಾರಿಯಲ್ಲಿ ಆಯಿಲ್ ಮಟ್ಟ ಕೆಳಗಿನ ಗುರುತಿಗಿಂತ ಕೆಳಗಿದೆ, ಸಿಗೋದು ಬೇರೆ ಗ್ರೇಡ್ ಮಾತ್ರ ಅಂದರೆ? ಅರ್ಧ ಲೀಟರ್ ಹಾಕಿ, ನಿಧಾನವಾಗಿ ಮನೆ ಸೇರಿ. ಒಣ ಎಂಜಿನ್‌ಗಿಂತ ಅದು ವಾಸಿ. ಸಾಧ್ಯವಾದಷ್ಟು ಬೇಗ ಸರಿಯಾದ ಆಯಿಲ್‌ಗೆ ಬದಲಾಯಿಸಿ, ಯಾಕೆ ಕಡಿಮೆಯಾಯ್ತು ಅಂತಲೂ ನೋಡಿಸಿ.

ಹಳೇ ಆಯಿಲ್ ತೆಂಗಿನ ಬುಡಕ್ಕೆ ಬೇಡ

ಮನೆಯಲ್ಲೇ ಟ್ರ್ಯಾಕ್ಟರ್ ಆಯಿಲ್ ಬದಲಾಯಿಸುವವರಿಗೆ ಇದು. ಗೆದ್ದಲಿಗೆ ಒಳ್ಳೇದು ಅಂತ ಹಳೇ ಆಯಿಲನ್ನು ಬೇಲಿ ಕಂಬಕ್ಕೆ, ಮರದ ಬುಡಕ್ಕೆ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಆ ಕಪ್ಪು ಎಣ್ಣೆಯಲ್ಲಿ ಸವೆದ ಲೋಹ, ಸುಟ್ಟ ರಾಸಾಯನಿಕ ಎಲ್ಲಾ ಇರುತ್ತೆ. ಮಣ್ಣಿನಲ್ಲಿ ಗಾಳಿ ಆಡೋಕೆ, ನೀರು ಇಂಗೋಕೆ ಬಿಡಲ್ಲ, ಎರೆಹುಳು ಸಾಯುತ್ತೆ, ಮಳೆಗೆ ಕೊಚ್ಚಿಕೊಂಡು ಹೋಗಿ ಬಾವಿ, ಕೆರೆ ಸೇರುತ್ತೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬಳಸಿದ ಆಯಿಲ್ ಕೂಡ ಬರುತ್ತೆ. ಮುಚ್ಚಳ ಇರುವ ಕ್ಯಾನ್‌ನಲ್ಲಿ ತುಂಬಿಟ್ಟು, ಆಯಿಲ್ ಸಂಗ್ರಹಿಸುವ ಸರ್ವೀಸ್ ಸೆಂಟರ್‌ಗೆ ಕೊಡಿ. ಅಲ್ಲಿಂದ ಅದು ಶುದ್ಧೀಕರಣದ ಘಟಕಕ್ಕೆ ಹೋಗಿ ಮತ್ತೆ ಬಳಕೆಗೆ ಬರುತ್ತೆ.

ಇವತ್ತು ಸಂಜೆ ಒಂದು ಕೆಲಸ ಮಾಡಿ: ಮನೆಯಲ್ಲಿರುವ ಪ್ರತಿ ಗಾಡಿಯ ಗ್ರೇಡನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ, ಟ್ರ್ಯಾಕ್ಟರ್ ಟೂಲ್ ಬಾಕ್ಸ್ ಮುಚ್ಚಳಕ್ಕೆ ಅಂಟಿಸಿ. ನೀವು ಊರಲ್ಲಿ ಇಲ್ಲದಾಗ ಅಪ್ಪನೋ ತಮ್ಮನೋ ಆಯಿಲ್ ತರೋಕೆ ಹೋದರೂ ತಪ್ಪು ಡಬ್ಬಿ ಮನೆಗೆ ಬರಲ್ಲ.